ಎದೆನೋವು ಇರಲಿಲ್ಲ

ನನ್ನ ಅಳಿಯ ಲೋಕಲ್ ರೈಲಿನ ಬಾಗಿಲಲ್ಲಿ ಗಾಳಿಗೆ ನಿಂತಿದ್ದ, ರೈಲು ಕುಲುಕಿತು, ಕೈ ತಪ್ಪಿತು, ಬಿದ್ದ, ಸತ್ತ. ನಡೆದದ್ದು ಇಷ್ಟೇ. ಯಾರೂ ನೂಕಲಿಲ್ಲ, ಅವನಾಗಿ ಹಾರಲಿಲ್ಲ, ಶನಿ ಎಳೆಯಲಿಲ್ಲ, ಎದೆನೋವು ಬರಲಿಲ್ಲ. ನಾನು ಅಲ್ಲೇ ಇದ್ದೆ, ಬಾಗಿಲ ಪಕ್ಕದ ಸೀಟಿನಲ್ಲಿ. ಆಮೇಲೆ ಈ ಸಾವಿಗೆ ಬಣ್ಣ ಹಚ್ಚಿದವರು ಬಹಳ ಜನ. ಅವರಲ್ಲಿ ಒಬ್ಬರೂ ಆ ರೈಲಿನಲ್ಲಿ ಇರಲಿಲ್ಲ.

ಅಡುಗೆ ಮಾಡುವವರಿಗೆ ಗಾಳಿಯ ಹುಚ್ಚು. ಬೆಳಕು ಹರಿಯುವ ಮೊದಲೇ ದೋಸೆಕಲ್ಲಿನ ಮುಂದೆ ನಿಂತು, ಮಧ್ಯಾಹ್ನ ಊಟದ ಗಲಾಟೆ ಮುಗಿಸಿ, ಸಂಜೆ ಮತ್ತೆ ಬಜ್ಜಿಯ ಬಾಣಲೆಗೆ ಬಂದು ನಿಲ್ಲುವವನಿಗೆ ಈ ಮದ್ರಾಸಿನಲ್ಲಿ ಗಾಳಿ ಸಿಗುವುದು ಎರಡೇ ಕಡೆ, ಕಡಲ ದಂಡೆಯಲ್ಲಿ ಮತ್ತು ಓಡುವ ರೈಲಿನ ಬಾಗಿಲಲ್ಲಿ. ಕಡಲಿಗೆ ಹೋಗಲು ಅವನಿಗೆ ಪುರುಸೊತ್ತಿರಲಿಲ್ಲ.

ಅವನೂ ಅವನ ಅಣ್ಣನೂ ಸೇರಿ ಪೆರಂಬೂರಿನಲ್ಲಿ ಒಂದು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಉಡುಪಿ ಕಡೆಯವರು, ನಾವೂ ಅದೇ ಕಡೆ. ಅಣ್ಣನನ್ನು ಹೋಟೆಲಿನಲ್ಲಿ ಎಲ್ಲರೂ ‘ದೊಡ್ಡವರು’ ಅಂತಲೇ ಕರೆಯುವುದು. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಹೋಟೆಲಿನ ಮೇಲಿನ ಮಹಡಿಯಲ್ಲಿ ಎರಡೂ ಸಂಸಾರ, ಅವರದ್ದೂ ನನ್ನ ಮಗಳದ್ದೂ. ನನ್ನ ಗಂಡ ಅಲ್ಲೇ ಹತ್ತಿರದ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಜೀವಮಾನವಿಡೀ ಬೋಗಿ ರಿಪೇರಿ ಮಾಡಿ ಕೊನೆಗೆ ಮನೆಯ ಮಂಚದ ಮೇಲೆ ಸತ್ತರು. ಅಳಿಯ ಜೀವಮಾನವಿಡೀ ದೋಸೆ ಹೊಯ್ದು ರೈಲಿನಿಂದ ಬಿದ್ದು ಸತ್ತ. ಯಾರ ಕಸುಬು ಏನು ಅಂತ ಸಾವು ವಿಚಾರಿಸಿಕೊಂಡು ಬರುವುದಿಲ್ಲ.

ಅವತ್ತು ನಾವಿಬ್ಬರೂ ಆವಡಿ ಕಡೆ ಒಂದು ಮದುವೆ ಛತ್ರದ ಅಡುಗೆಮನೆ ನೋಡಿ ಬರಲು ಹೋಗಿದ್ದೆವು. ಮದುವೆಯವರು ನನ್ನ ಗಂಡನ ಜೊತೆ ಕೆಲಸ ಮಾಡಿದವರ ಮನೆಯವರು, ಅಡುಗೆಯ ಗುತ್ತಿಗೆ ಅಳಿಯನಿಗೆ ಕೊಡಿಸಿದ್ದು ನಾನು, ಹಾಗಾಗಿ ಜೊತೆಗೆ ಹೋದೆ. ವಾಪಸು ಬರುವಾಗ ಸಂಜೆ. ರೈಲಿನಲ್ಲಿ ಅಂಥ ರಶ್ಶೂ ಇರಲಿಲ್ಲ.

“ಒಳಗೆ ಬಾ ಮಾರಾಯ, ಸೀಟು ಉಂಟು,” ಎಂದೆ.

“ಗಾಳಿ ಇಲ್ಲಿ ಉಂಟಲ್ಲ ಅತ್ತೆ,” ಎಂದ.

ಕಂಬಿ ಹಿಡಿದು ನಿಂತುಕೊಂಡೇ ಮದುವೆಯ ಊಟದ ಮಾತು ತೆಗೆದ. “ಕಾಶಿಹಲ್ವಕ್ಕೆ ತುಪ್ಪ ಜಾಸ್ತಿ ಹಾಕ್ಲಿಕ್ಕೆ ಹೇಳಿದ್ದಾರೆ ಅವ್ರು. ಹಾಕುವ, ಅದಕ್ಕೇನು. ಆದ್ರೆ ಅತ್ತೆ…” ಎಂದ.

ಆದರೆ ಏನು ಅಂತ ಹೇಳಲಿಲ್ಲ. ರೈಲು ಒಂದು ಸಲ ಪಕ್ಕಕ್ಕೆ ಎಳೆದುಕೊಂಡ ಹಾಗಾಯಿತು, ಕಂಬಿಯ ಮೇಲಿದ್ದ ಅವನ ಕೈ ಜಾರಿತು. ನಾನು ಸೀಟಿನ ಅಂಚು ಹಿಡಿದು ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಬರೀ ಬೆಳಕು.

ನಾನು ಕಿರಿಚಲಿಲ್ಲ ಅಂತ ಆಮೇಲೆ ಬೀಗರ ಕಡೆಯ ಹೆಂಗಸರು ಆಡಿಕೊಂಡರು. ನಾನು ಕಿರಿಚುತ್ತ ಕೂತಿದ್ದರೆ ಚೈನ್ ಎಳೆಯಿರಿ ಅಂತ ಹೇಳುವುದು ಯಾರು? ಎದುರು ಕೂತಿದ್ದ ಒಬ್ಬ ಎಳೆದ. ರೈಲು ಮುಂದೆ ಹೋಗಿ ನಿಂತಿತು. ಹಳಿಯ ಪಕ್ಕದ ಜಲ್ಲಿಯ ಮೇಲೆ ನಡೆದುಕೊಂಡು ಹಿಂದಕ್ಕೆ ಹೋದೆವು. ತಲೆಗೆ ಪೆಟ್ಟಾಗಿತ್ತು. ಉಸಿರು ಇರಲಿಲ್ಲ. ಅದರ ಬಗ್ಗೆ ಇನ್ನು ಹೆಚ್ಚು ಬರೆಯುವುದಿಲ್ಲ.

ನಾನು ಹೆಣದ ಜೊತೆ ಆಸ್ಪತ್ರೆಗೆ ಹೋದೆ, ಮಗಳನ್ನು ಅಲ್ಲಿಗೇ ಕರೆಸಿದೆ. ದೊಡ್ಡವರು ರೈಲ್ವೆ ಪೊಲೀಸ್ ಠಾಣೆಗೆ ಹೋದರು. ಎಡವಟ್ಟು ಆದದ್ದು ಅಲ್ಲಿ. ಪೊಲೀಸರು ಏನಾಯಿತು ಅಂತ ಕೇಳಿದ್ದಕ್ಕೆ ಅವರು, “ತಮ್ಮನಿಗೆ ಬೆಳಗಿನಿಂದ ಎದೆನೋವು ಇತ್ತು, ರೈಲಲ್ಲಿ ಹಾರ್ಟ್ ಅಟ್ಯಾಕ್ ಆಗಿ, ಪ್ರಾಣ ಹೋಗಿಯೇ ಬಿದ್ದಿದ್ದಾನೆ,” ಅಂತ ಹೇಳಿ, ಬರೆಸಿ, ಕೆಳಗೆ ಸಹಿಯನ್ನೂ ಹಾಕಿ ಬಂದರು. ಸಹಿಯ ವಿಷಯ ನನಗೆ ಗೊತ್ತಾದದ್ದು ಬಹಳ ತಡವಾಗಿ. ಎದೆನೋವಿನ ಮಾತು ಕಿವಿಗೆ ಬಿದ್ದದ್ದು ಹನ್ನೊಂದನೇ ದಿನದ ಹೊತ್ತಿಗೆ, ಬಂದ ನೆಂಟರೆಲ್ಲ ನನ್ನ ಹತ್ತಿರ “ಪಾಪ, ಇಷ್ಟು ಸಣ್ಣ ಪ್ರಾಯದಲ್ಲಿ ಹಾರ್ಟಾ?” ಅಂತ ಕೇಳತೊಡಗಿದಾಗ.

ಯಾಕೆ ಹಾಗೆ ಹೇಳಿದರು ಎನ್ನುವುದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಬೇಕು. ನಮ್ಮಲ್ಲಿ ಸಾವಿನಲ್ಲೂ ಜಾತಿ ಉಂಟು. ಮಂಚದ ಮೇಲೆ ಸತ್ತರೆ ಮೇಲುಜಾತಿಯ ಸಾವು. ಆಸ್ಪತ್ರೆಯಲ್ಲಿ ಸತ್ತರೂ ಅಡ್ಡಿಯಿಲ್ಲ. ನೀರಿಗೆ, ಬೆಂಕಿಗೆ, ಹಾವಿಗೆ, ಗಾಡಿಗೆ ಸಿಕ್ಕಿ ಸತ್ತರೆ ಅದು ದುರ್ಮರಣ. ಅದಕ್ಕೆ ನಾರಾಯಣಬಲಿ ಅಂತ ಬೇರೆಯೇ ಕರ್ಮ ಮಾಡಿಸಬೇಕು, ಮಾಡಿಸಿದರೂ ಮನೆಗೆ ಒಂದು ಕಪ್ಪು ಉಳಿಯುತ್ತದೆ, ಆ ಮನೆಯ ಹೆಣ್ಣು ತರುವ ಮೊದಲು ಜನ ಎರಡು ಸಲ ಯೋಚನೆ ಮಾಡುತ್ತಾರೆ. ದೊಡ್ಡವರ ಮಗಳ ಜಾತಕ ಅದೇ ವಾರ ಉಡುಪಿಯ ಒಂದು ಮನೆಯವರ ಕೈಯಲ್ಲಿತ್ತು. ಅದೊಂದೇ ಕಾರಣ ಅಂತ ಹೇಳಿದರೆ ಅವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಎದೆನೋವಿನಿಂದ ಹೋದ ಅಂತಾದರೆ ದೇವರು ಕರೆದುಕೊಂಡ ಹಾಗೆ, ರೈಲಿನಿಂದ ಬಿದ್ದ ಅಂತಾದರೆ ದಾರಿ ತಪ್ಪಿದ ಹಾಗೆ ಅಂತ ಅವರು ನಿಜವಾಗಿಯೂ ನಂಬಿದವರು. ತಮ್ಮನನ್ನು ಎತ್ತಿ ಆಡಿಸಿದವರು. ಅವನಿಗೆ ಒಂದು ಒಳ್ಳೆಯ ಸಾವು ಕೊಡಿಸುವ ಅಂತ ಹೊರಟರು, ಅಷ್ಟೇ.

ರೈಲಿನಿಂದ ಬಿದ್ದು ಸತ್ತರೆ ಮನೆಯವರಿಗೆ ಸರ್ಕಾರದ ಪರಿಹಾರ ಸಿಗುತ್ತದೆ, ಅದಕ್ಕೆ ಬೇರೆಯೇ ಕೋರ್ಟು ಇದೆ ಅಂತ ನನಗೆ ಹೇಳಿದ್ದು ನನ್ನ ಗಂಡನ ಜೊತೆಯಲ್ಲಿ ಕೆಲಸ ಮಾಡಿದ್ದ ಒಬ್ಬರು. ನಾನು ಮಗಳನ್ನು ಕರೆದುಕೊಂಡು ಹೈಕೋರ್ಟಿನ ಹತ್ತಿರದ ಪ್ಯಾರಿಸ್ ಕಾರ್ನರಿಗೆ ಹೋದೆ. ಕನ್ನಡಕದ ಅಂಗಡಿಯ ಮೇಲೆ ಒಬ್ಬ ಲಾಯರಮ್ಮನ ಆಫೀಸು. ತಮಿಳಿನವಳು, ನನ್ನ ಮಗಳಿಗಿಂತ ಚಿಕ್ಕವಳು, ಮಾತು ಚುರುಕು.

“ಪಾಟಿ, ಟಿಕೆಟ್ ಇದೆಯಾ? ಎಲ್ಲರೂ ಅಲ್ಲೇ ಸಿಕ್ಕಿಬೀಳುವುದು,” ಎಂದಳು. ಪಾಟಿ ಅಂದರೆ ಅಜ್ಜಿ.

ನಾನು ಸೊಂಟದ ಸುರುಕುಚೀಲ ಬಿಚ್ಚಿ ಎರಡೂ ಟಿಕೆಟ್ಟನ್ನು ಮೇಜಿನ ಮೇಲಿಟ್ಟೆ. ಗಂಡಸರ ಜೇಬನ್ನು ನಾನು ಯಾವತ್ತೂ ನಂಬಿದವಳಲ್ಲ. ಲಾಯರಮ್ಮ ಅದನ್ನು ಬಂಗಾರದ ಹಾಗೆ ಎತ್ತಿ ನೋಡಿದಳು.

ನಾನು ಮುಚ್ಚುಮರೆ ಇಲ್ಲದೆ ಹೇಳಿದೆ, “ನೋಡಮ್ಮ, ತಪ್ಪು ಅವನದೇ. ಸೀಟು ಇತ್ತು, ನಾನು ಕರೆದೆ, ಮೂರ್ಖನ ಹಾಗೆ ಬಾಗಿಲಲ್ಲಿ ನಿಂತ.”

“ಪರವಾಗಿಲ್ಲ ಪಾಟಿ. ಬೇಕಂತ ಹಾರಿದರೆ ಇಲ್ಲ, ಕುಡಿದು ಬಿದ್ದರೆ ಇಲ್ಲ, ಕಾಯಿಲೆಯಿಂದ ಸತ್ತರೆ ಇಲ್ಲ. ಮೂರ್ಖತನಕ್ಕೆ ಕಾನೂನಿನಲ್ಲಿ ಅಡ್ಡಿ ಇಲ್ಲ.”

ಒಳ್ಳೆಯ ಕಾನೂನು ಅಂದುಕೊಂಡೆ. ಬರೆದವರು ಮನುಷ್ಯರನ್ನು ನೋಡಿದವರಿರಬೇಕು.

ಅರ್ಜಿ ಹಾಕಿದೆವು. ತಿಂಗಳುಗಳು ಹೋದವು. ಅಷ್ಟರಲ್ಲಿ ನನ್ನ ಮಗಳ ಬದುಕು ಹೋಟೆಲಿನ ಮುಂಭಾಗದಿಂದ ಹಿಂಭಾಗಕ್ಕೆ ಸರಿಯಿತು. ಗಂಡ ಇದ್ದಾಗ ಅವಳು ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುತ್ತಿದ್ದವಳು. ಈಗ ಅಡುಗೆಮನೆಯ ಹಿಂದೆ ಮಣೆ ಹಾಕಿಕೊಂಡು ಸಾಂಬಾರು ಈರುಳ್ಳಿ ಸುಲಿಯುತ್ತಿದ್ದಳು. ಯಾರೂ ಸುಲಿ ಅಂತ ಹೇಳಿದ್ದಲ್ಲ, ಗಲ್ಲಾದಲ್ಲಿ ಕೂರಬೇಡ ಅಂತಲೂ ಹೇಳಿದ್ದಲ್ಲ. ಗಂಡ ಹೋದವಳನ್ನು ಬೆಳಿಗ್ಗೆ ಬೆಳಿಗ್ಗೆ ಗಿರಾಕಿಗಳು ನೋಡುವುದು ಯಾಕೆ ಅಂತ ಗಾಳಿಯಲ್ಲೇ ಒಂದು ತೀರ್ಮಾನ ಆಗಿತ್ತು. ಮಗಳು ಬಾಯಿಲ್ಲದವಳು. ನನ್ನ ಹೊಟ್ಟೆಯಲ್ಲಿ ಹುಟ್ಟಿ ಅದು ಹೇಗೆ ಹಾಗಾದಳೋ. ಕಾಲೇಜಿಗೆ ಹೋಗುವ ಮೊಮ್ಮಗಳು ಮಾತ್ರ ನನ್ನ ಹಾಗೆ, ಆದರೆ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ.

ಪರಿಹಾರ ಬಂದರೆ ಇಬ್ಬರೂ ಆ ಮಹಡಿಯಿಂದ ಇಳಿದು ಒಂದು ಸ್ವಂತ ಸೂರು ನೋಡಿಕೊಳ್ಳಬಹುದು. ಬರದಿದ್ದರೆ ಈರುಳ್ಳಿ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಒಂದು ದಿನ ಲಾಯರಮ್ಮ ಫೋನು ಮಾಡಿ ಬರಹೇಳಿದಳು. ರೈಲ್ವೆಯವರ ಉತ್ತರ ಬಂದಿತ್ತು. ತಲೆಯ ಪೆಟ್ಟಿನಿಂದ ಸಾವು ಅಂತ ಆಸ್ಪತ್ರೆಯವರು ಬರೆದಿದ್ದರೂ, ಬಿದ್ದದ್ದೇ ಹೃದಯದ ಕಾಯಿಲೆಯಿಂದ, ಸತ್ತವರ ಸ್ವಂತ ಅಣ್ಣನೇ ಹೇಳಿ ಸಹಿ ಹಾಕಿದ್ದಾರೆ, ಹಾಗಾಗಿ ಪರಿಹಾರ ಇಲ್ಲ ಅಂತ ಅದರಲ್ಲಿತ್ತು.

“ಯಾಕೆ ಹೀಗೆ ಹೇಳಿದರು ಪಾಟಿ ಅವರು?” ಲಾಯರಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡಳು.

“ಪುಣ್ಯಕ್ಕೆ,” ಎಂದೆ.

ರೈಲಿನಲ್ಲಿ ಜೊತೆಗಿದ್ದವಳು ನಾನೊಬ್ಬಳೇ. ನಾನೇ ಸಾಕ್ಷಿ ಹೇಳಬೇಕು ಅಂತಾಯಿತು.

ಸಾಕ್ಷಿಯ ಹಿಂದಿನ ದಿನ ದೊಡ್ಡವರು ನನ್ನ ಮನೆಗೆ ಬಂದರು. ಮನೆ ಅಂದರೆ ನಾಲ್ಕು ಬಾಡಿಗೆದಾರರಿರುವ ವಠಾರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಇಲ್ಲಿ ಪೋರ್ಷನ್ ಅನ್ನುತ್ತಾರೆ. ಕೈಯಲ್ಲಿ ಬಾಳೆಲೆ ಸುತ್ತಿದ ಗೋಳಿಬಜೆಯ ಪೊಟ್ಟಣ, ಜೊತೆಗೆ ಬೇರೆ ಚಟ್ನಿ. ಅವರ ಹೋಟೆಲಿನ ಗೋಳಿಬಜೆ ಚೆನ್ನಾಗಿರುತ್ತದೆ, ಅದನ್ನು ಹೇಳದಿರಲು ಆಗುವುದಿಲ್ಲ.

“ಅತ್ತೆ, ನಾಳೆ ನೀವು ಎಂತ ಹೇಳ್ತೀರಿ?”

“ಆದದ್ದನ್ನು ಹೇಳ್ತೇನೆ.”

“ಸ್ವಲ್ಪ ಸುಧಾರಿಸಿ ಹೇಳ್ಬಹುದಲ್ಲ. ನೀವು ಕಿಟಕಿ ಕಡೆ ನೋಡ್ತಿದ್ರಿ, ಎಂತ ಆಯ್ತು ಅಂತ ಸರಿ ಗೊತ್ತಾಗ್ಲಿಲ್ಲ ಅಂತ.”

“ಬಾಗಿಲು ಕಡೆ ನೋಡ್ತಿದ್ದೆ ಮಾರಾಯ್ರೇ. ಕಾಶಿಹಲ್ವದ ಮಾತು ಕೇಳ್ತಿದ್ದೆ.”

“ಕೇಳಿ ಅತ್ತೆ. ಹುಡುಗನ ಕಡೆಯವ್ರು ಒಪ್ಪಿದ್ದಾರೆ. ಇನ್ನು ನಿಶ್ಚಯ ಒಂದು ಬಾಕಿ. ಈಗ ಕೋರ್ಟಲ್ಲಿ ನಾನು ಸುಳ್ಳುಗಾರ, ತಮ್ಮ ದುರ್ಮರಣ ಅಂತಾದ್ರೆ ನನ್ನ ಮಗಳ ಗತಿ ಎಂತ? ಮತ್ತೆ ಅವನಿಗೆ ಮಾಡಿದ ಕರ್ಮ ಎಲ್ಲ ನೀರಿಗೆ ಹಾಕಿದ ಹಾಗೆ ಆಗುದಿಲ್ವಾ?”

“ಎಲ್ಲಾ ಕರ್ಮವನ್ನೂ ಕೊನೆಗೆ ನೀರಿಗೇ ಹಾಕುವುದಲ್ವಾ,” ಎಂದೆ.

ಅವರಿಗೆ ಸಿಟ್ಟು ಬಂತು. “ನಿಮ್ಮ ಮಗಳೂ ಮೊಮ್ಮಗಳೂ ನನ್ನ ಮಾಳಿಗೆಯಲ್ಲೇ ಇರುವುದು. ಅದು ಮರೀಬೇಡಿ,” ಎಂದು ಎದ್ದರು. ಚಪ್ಪಲಿ ಮೆಟ್ಟುವಾಗ ಮತ್ತೆ ತಿರುಗಿ, “ಬಜೆ ಬಿಸಿ ಇರುವಾಗಲೇ ತಿನ್ನಿ,” ಎಂದರು.

ತಿಂದೆ. ಅದರ ಮೇಲೆ ನನಗೇನೂ ಸಿಟ್ಟಿರಲಿಲ್ಲ.

ಮಗಳಿಗೆ ಫೋನು ಮಾಡಿ ಕೇಳಿದೆ. “ಬಾವ ಹೇಳಿದ ಹಾಗೇ ಮಾಡುವ, ಆಗದಾ ಅಮ್ಮ? ನಮಗೆ ಊಟಕ್ಕೇನು ಕಮ್ಮಿ ಇಲ್ಲ ಅಲ್ವಾ?” ಎಂದಳು. ಅವಳ ಕೈಯಿಂದ ಫೋನು ಕಿತ್ತುಕೊಂಡ ಮೊಮ್ಮಗಳು, “ಅಜ್ಜಿ, ನೀ ಉಳ್ಳದ ಸೊಲ್ಲು. ಆನಾ ಅಂಗೆ ಜಾಸ್ತಿ ಪೇಸಾದೆ,” ಎಂದಳು. ಇದ್ದದ್ದನ್ನು ಹೇಳು, ಆದರೆ ಅಲ್ಲಿ ಹೆಚ್ಚು ಮಾತಾಡಬೇಡ ಅಂತ. ಅವಳು ಹೇಳಿದ್ದರಲ್ಲಿ ಅರ್ಧ ಮಾತ್ರ ನನ್ನಿಂದ ಸಾಧ್ಯವಾಯಿತು.

ಪರಿಹಾರದ ಕೋರ್ಟಿನ ವರಾಂಡದಲ್ಲಿ ಕೂತವರೆಲ್ಲರ ಕೈಯಲ್ಲೂ ಜವಳಿ ಅಂಗಡಿಯ ಚೀಲ. ಒಳಗೆ ಸೀರೆ ಅಲ್ಲ, ಸತ್ತವರ ಫೋಟೋ, ಸರ್ಟಿಫಿಕೇಟು. ಪಕ್ಕದಲ್ಲಿ ಕೂತ ಒಬ್ಬಳು ತುರುಬಿಗೆ ಮಲ್ಲಿಗೆ ಮುಡಿದಿದ್ದಳು.

“ನಿಮಗೆ ಯಾರು?” ಎಂದು ಕೇಳಿದಳು, ಮದುವೆಮನೆಯಲ್ಲಿ ಯಾವ ಕಡೆಯವರು ಅಂತ ಕೇಳಿದ ಹಾಗೆ.

“ಅಳಿಯ. ನಿಮಗೆ?”

“ತಮ್ಮ. ಟಿಕೆಟ್ ಸಿಕ್ಕಲಿಲ್ಲ. ನಿಮ್ಮದು ಇದೆಯಾ?”

“ಇದೆ.”

“ಕುಡುತ್ತು ವೆಚ್ಚವಂಗ ನೀಂಗ,” ಎಂದು ನಿಟ್ಟುಸಿರು ಬಿಟ್ಟಳು. ಅದೃಷ್ಟವಂತರು ಅಂತ ಅರ್ಥ. ಅಲ್ಲಿ ಅದೃಷ್ಟವೆಂದರೆ ಅದು.

ನಮ್ಮ ಸರದಿ ಬಂತು. ಮಗಳು ಮುಂದಿನ ಬೆಂಚಿನಲ್ಲಿ, ಮೊಮ್ಮಗಳು ಅವಳ ಪಕ್ಕ. ಹಿಂದಿನ ಸಾಲಿಗೆ ದೊಡ್ಡವರು ಬಂದು ಕೂತರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ಗಂಧ. ನಾನು ಏನು ಹೇಳುತ್ತೇನೆ ಅಂತ ಕಾಯಲು ಬಂದದ್ದು. ರೈಲ್ವೆಯ ಲಾಯರ್ ಒಬ್ಬ ಸಣ್ಣ ಪ್ರಾಯದವನು, ಬಹಳ ಮರ್ಯಾದಸ್ಥ. ಮಾತೆಲ್ಲ ತಮಿಳಿನಲ್ಲಿ.

“ಪಾಟಿ, ನಿಮ್ಮ ಅಳಿಯ ಬಾಗಿಲಲ್ಲಿ ನಿಂತಿದ್ದರಾ?”

“ನಿಂತಿದ್ದ. ಕರೆದರೂ ಬರಲಿಲ್ಲ.”

“ಅವರಿಗೆ ಎದೆನೋವು ಇತ್ತಲ್ಲ?”

“ಇರಲಿಲ್ಲ.”

“ಅದು ಹೇಗೆ ಹೇಳುತ್ತೀರಿ?”

“ರೈಲು ಹತ್ತುವ ಮೊದಲು ಒಂದು ತಟ್ಟೆ ಬಜ್ಜಿ ತಿಂದ. ಎಣ್ಣೆ ಹಳತು, ಹಿಟ್ಟು ದಪ್ಪ ಅಂತ ಅಂಗಡಿಯವನಿಗೆ ಬೈದ. ಬೈದು ಇನ್ನೊಂದು ತಟ್ಟೆ ತಿಂದ. ಎದೆನೋವು ಇದ್ದವನು ಮೊದಲ ತಟ್ಟೆಗೇ ನಿಲ್ಲಿಸುತ್ತಾನೆ.”

ಯಾರೋ ಹಿಂದಿನಿಂದ ನಕ್ಕರು. ಮೇಲೆ ಕೂತಿದ್ದ ಜಡ್ಜರು, “ಅಮ್ಮಾ, ಕೇಳಿದ್ದಕ್ಕೆ ಮಾತ್ರ ಉತ್ತರ,” ಎಂದರು. ಮೊಮ್ಮಗಳು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ಹುಡುಗ ಲಾಯರ್ ಒಂದು ಕಾಗದ ಎತ್ತಿ ಹಿಡಿದ. “ಎದೆನೋವು ಇತ್ತು ಅಂತ ಅವರ ಅಣ್ಣ ಪೊಲೀಸರಿಗೆ ಹೇಳಿದ್ದಾರೆ. ಹಾಗಾದರೆ ಸುಳ್ಳು ಹೇಳುತ್ತಿರುವುದು ಯಾರು ಪಾಟಿ? ಅವರಾ, ನೀವಾ?”

ಅವರೇ ಅಂದರೆ ಮಗಳ ಸೂರು ಹೋಯಿತು. ನಾನೇ ಅಂದರೆ ಪರಿಹಾರ ಹೋಯಿತು. ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳ ಎರಡೂ ಕೈ ಮಡಿಲಲ್ಲಿತ್ತು, ಹೆಬ್ಬೆರಳಿನ ತುದಿ ಈರುಳ್ಳಿ ಸಿಪ್ಪೆಯಿಂದ ಕಪ್ಪಾಗಿತ್ತು. ಅದನ್ನು ನೋಡಿ ನನಗೆ ಕರುಣೆ ಬರಲಿಲ್ಲ, ಕೋಪ ಬಂತು. ಕೋಪ ಬಂದರೆ ನನಗೆ ಮಾತು ಸಲೀಸು.

“ಅವರು ಹೇಳಿದ್ದು ಸುಳ್ಳು,” ಎಂದೆ. “ಆದರೆ ದುಡ್ಡಿಗಾಗಿ ಹೇಳಿದ್ದಲ್ಲ, ನಿಮಗೆ ಮೋಸ ಮಾಡಲಿಕ್ಕೂ ಅಲ್ಲ. ನಮ್ಮಲ್ಲಿ ಗಾಡಿಗೆ ಸಿಕ್ಕಿ ಸತ್ತರೆ ಕೆಟ್ಟ ಸಾವು. ತಮ್ಮನಿಗೆ ಆ ಹೆಸರು ಬರಬಾರದು ಅಂತ ಹೇಳಿದ್ದಾರೆ. ಅವರು ಸಂಸ್ಕಾರದ ಮಾತು ಆಡಿದರು, ಪೊಲೀಸರು ಅದನ್ನು ಸಾಕ್ಷಿ ಅಂತ ಬರೆದುಕೊಂಡರು.”

ಜಡ್ಜರು ಪೆನ್ನು ಕೆಳಗಿಟ್ಟರು. “ನಿಮ್ಮ ಕಡೆ ಅಂಥ ಪದ್ಧತಿ ಇದೆಯಾ?”

“ನಮ್ಮ ಕಡೆ ಉಂಟು. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಕೇಳಿ ನೋಡಿ, ಇದ್ದೀತು.”

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. “ಆ ಅಣ್ಣ ಎಲ್ಲಿದ್ದಾರೆ?” ಎಂದು ಕೇಳಿದರು.

ಲಾಯರಮ್ಮ ತಿರುಗಿ ನೋಡಿದಳು. ಎಲ್ಲರೂ ತಿರುಗಿ ನೋಡಿದರು. ಹಿಂದಿನ ಸಾಲಿನಲ್ಲಿ ದೊಡ್ಡವರು ಮೊದಲು ಬಾಗಿಲು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಶಾಲೆಯಲ್ಲಿ ಹೆಸರು ಕರೆದ ಹಾಗೆ ಎದ್ದು ನಿಂತರು. ಲಾಯರುಗಳಿಬ್ಬರೂ ತಮ್ಮತಮ್ಮಲ್ಲಿ ಏನೋ ಇಂಗ್ಲಿಷಿನಲ್ಲಿ ಜಗಳ ಮಾಡಿದರು, ಕೊನೆಗೆ ಮಧ್ಯಾಹ್ನದ ಮೇಲೆ ಅವರನ್ನೂ ಕಟಕಟೆಗೆ ಕರೆದರು. ಅಷ್ಟು ಹೊತ್ತು ಅವರು ವರಾಂಡದಲ್ಲಿ ನೀರು ಕೂಡ ಕುಡಿಯದೆ ಕೂತಿದ್ದರು. ಎದ್ದು ಹೋಗಬಹುದಿತ್ತು, ಬಸ್ ಸ್ಟಾಪು ಎದುರಿಗೇ ಇತ್ತು. ಹೋಗಲಿಲ್ಲ. ಅದೊಂದು ಮಾತು ಅವರ ಪರವಾಗಿ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

“ನಿಮ್ಮ ತಮ್ಮ ಬೀಳುವಾಗ ನೀವು ಎಲ್ಲಿದ್ದಿರಿ?” ಜಡ್ಜರೇ ಕೇಳಿದರು.

“ಹೋಟೆಲಿನಲ್ಲಿ, ಸಾರ್.”

“ಎದೆನೋವು ಅಂತ ನಿಮಗೆ ಯಾರು ಹೇಳಿದರು?”

“ಯಾರೂ ಹೇಳಲಿಲ್ಲ. ನಾನೇ ಸೇರಿಸಿದ್ದು. ಒಳ್ಳೆ ರೀತಿಯಲ್ಲಿ ಹೋದ ಅಂತ ಆಗಲಿ ಅಂತ,” ಎಂದರು. ಮತ್ತೆ ಹೆಗಲ ಮೇಲಿನ ಶಲ್ಯದಲ್ಲಿ ಮುಖ ಮುಚ್ಚಿಕೊಂಡರು. ನಾನು ಮೇಲೆ ತಿರುಗುವ ಫ್ಯಾನ್ ನೋಡಿದೆ. ಗಂಡಸರು ಅಳುವಾಗ ನೋಡುತ್ತ ಕೂರುವುದು ನನಗೆ ಆಗುವುದಿಲ್ಲ.

ಹೊರಗೆ ಬಂದ ಮೇಲೆ ಅವರು ನನ್ನ ಹತ್ತಿರ ಆಡಿದ್ದು ಒಂದೇ ಮಾತು. “ಮಗಳ ಮದುವೆ ಮುರಿದ್ರೆ ಪಾಪ ನಿಮ್ಮ ತಲೆಗೆ ಅತ್ತೆ.”

“ತಲೆಯಲ್ಲಿ ಜಾಗ ಉಂಟು,” ಎಂದೆ.

ಮದುವೆ ಮುರಿಯಲಿಲ್ಲ. ನಿಶ್ಚಯದ ದಿನ ದೊಡ್ಡವರು ಹುಡುಗನ ತಾಯಿಯ ಎದುರು ಕೈಮುಗಿದು, ಬೆವರಿ, ತಮ್ಮ ನಿಜವಾಗಿ ಸತ್ತದ್ದು ಹೀಗೆ ಅಂತ ತೊದಲಿದರು. ಆಯಮ್ಮ ವೀಳ್ಯದೆಲೆಗೆ ಸುಣ್ಣ ಸವರುತ್ತ ಹೇಳಿದಳು:

“ಅದು ನಮಗೆ ಮರುದಿನವೇ ಗೊತ್ತುಂಟು ಮಾರಾಯ್ರೇ. ಈಗ ಯಾವುದು ಅಡಗ್ತದೆ? ಫೋನಲ್ಲಿ ಎಲ್ಲ ಬರ್ತದೆ. ನೀವು ಎದೆನೋವು ಎದೆನೋವು ಹೇಳುದು ಕೇಳಿಯೇ ನಮಗೆ ಹೆದರಿಕೆ ಆದದ್ದು. ಇವರದ್ದು ಹಾರ್ಟು ವೀಕಿರುವ ವಂಶವಾ ಎಂತದು, ನಾಳೆ ಹುಡುಗಿಗೂ ಬಂದ್ರೆ ಅಂತ. ಬಿದ್ದದ್ದೇ ಹೌದಾದ್ರೆ ಒಳ್ಳೇದೇ ಆಯ್ತು.”

ಸಾಯುವುದರಲ್ಲಿ ಮೇಲುಜಾತಿ ಯಾವುದು, ಕೀಳುಜಾತಿ ಯಾವುದು ಅಂತ ಈಗ ಉಡುಪಿಯಲ್ಲೂ ಬದಲಾಗಿದೆ, ನಮ್ಮ ದೊಡ್ಡವರಿಗೆ ಸುದ್ದಿ ಮುಟ್ಟಿರಲಿಲ್ಲ ಅಷ್ಟೇ. ನಾನು ನಗು ತಡೆಯಲು ಬಾಯಿಗೆ ಹೋಳಿಗೆ ತುರುಕಿಕೊಂಡೆ.

ಮದುವೆ ಆಗಿ ಸ್ವಲ್ಪ ಸಮಯಕ್ಕೆ ಕೋರ್ಟಿನ ಆರ್ಡರ್ ಬಂತು. ನಮ್ಮ ಪರವಾಗಿ. ಹಣ ನೇರ ಬ್ಯಾಂಕಿಗೆ, ಮಗಳ ಮತ್ತು ಮೊಮ್ಮಗಳ ಹೆಸರಿಗೆ. ಲಾಯರಮ್ಮ ಫೋನಿನಲ್ಲಿ, “ಪಾಟಿ, ಬಜ್ಜಿಯ ಮಾತು ಆರ್ಡರಿನಲ್ಲಿ ಬಂದಿಲ್ಲ, ಆದರೆ ಗೆದ್ದಿದ್ದೇವೆ,” ಎಂದಳು.

ಆ ಸಂಜೆ ನಾವೆಲ್ಲ ಹೋಟೆಲಿನ ಮೇಲೆ, ಮಗಳ ಕೋಣೆಯಲ್ಲಿ ಕೂತಿದ್ದೆವು. ದೊಡ್ಡವರು ತಾವೇ ಒಂದು ಟ್ರೇಯಲ್ಲಿ ಕಾಫಿ ಹಿಡಿದುಕೊಂಡು ಬಂದರು. ಮುಖದಲ್ಲಿ ಬೆಳಕು ಇತ್ತು. ಪಾಪ, ಸಂತೋಷವೂ ನಿಜವೇ.

“ನಾನೊಂದು ಆಲೋಚನೆ ಮಾಡಿದ್ದೇನೆ,” ಎಂದು ಮಗಳ ಕಡೆ ತಿರುಗಿದರು. “ಮನೆ ದುಡ್ಡು ಮನೇಲೇ ಇರ್ಲಿ. ಕೆಳಗೆ ಎಡಗಡೆ ಒಂದು ಏಸಿ ಹಾಲ್ ಮಾಡುವ. ಹಾಲಿಗೆ ತಮ್ಮನ ಹೆಸರೇ ಇಡುವ. ಗಲ್ಲಾದ ಮೇಲೆ ಅವನ ದೊಡ್ಡ ಫೋಟೋ ಹಾಕುವ. ನಿನಗೂ ಮಗುವಿಗೂ ಸಾಯುವವರೆಗೆ ನಾನಿದ್ದೇನಲ್ಲ. ಎಂತ ಹೇಳ್ತಿ?”

“ಹೂಂ ಬಾವ,” ಎಂದಳು ನನ್ನ ಮಗಳು.

ಹೂಂ ಅಂದೇಬಿಟ್ಟಳು. ರೈಲ್ವೆಯ ವಿರುದ್ಧ ಗೆದ್ದ ಕೇಸು ಒಂದು ಲೋಟ ಕಾಫಿಯ ಎದುರು ಸೋಲುವುದನ್ನು ನಾನು ಕಣ್ಣಾರೆ ನೋಡಿದೆ. ಮೊಮ್ಮಗಳು ನನ್ನ ಕಾಲು ತುಳಿದು, “ಅಜ್ಜಿ, ಎದಾವದು ಸೊಲ್ಲು,” ಎಂದು ಪಿಸುಗುಟ್ಟಿದಳು. ಏನಾದರೂ ಹೇಳು ಅಂತ.

ನಾನು ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಮಗಳು ಅಳುತ್ತಾಳೆ, ದೊಡ್ಡವರು ಅಳುತ್ತಾರೆ, ಸತ್ತವನ ಹೆಸರು ನಾಲ್ಕು ಸಲ ಬರುತ್ತದೆ, ಕೊನೆಗೆ ಎಲ್ಲರೂ ಕಣ್ಣೊರೆಸಿಕೊಂಡು ಇನ್ನೊಂದು ಸುತ್ತು ಕಾಫಿ ಕುಡಿಯುತ್ತಾರೆ, ದುಡ್ಡು ಏಸಿಗೆ ಹೋಗುತ್ತದೆ. ಒಳ್ಳೆಯವರ ಜೊತೆ ಮಾತಿನಲ್ಲಿ ಗೆಲ್ಲುವುದು ಬಹಳ ಕಷ್ಟ. ಕಾಫಿ ಕುಡಿದು ಲೋಟ ತೊಳೆದಿಟ್ಟು ನನ್ನ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಎದ್ದವಳೇ ಮಾರ್ಕೆಟ್ಟಿನ ಬಾಯಿಗೆ ಹೋದೆ. ಕಾಸಿಮೇಡು ಬಂದರಿನಿಂದ ಮೀನು ತಂದು ಹಾಕಿ ಖಾಲಿ ನಿಂತಿರುವ ಮೋಟಾರಿನ ಮೂರುಚಕ್ರದ ಗಾಡಿಗಳು ಆ ಹೊತ್ತಿಗೆ ಅಲ್ಲಿ ಸಿಗುತ್ತವೆ. ಮೀನುಬಾಡಿ ಗಾಡಿ ಅನ್ನುತ್ತಾರೆ. ಟೆಂಪೋ ಹಿಡಿಯಬಹುದಿತ್ತು. ಬೇಕಂತಲೇ ಇದನ್ನು ಹಿಡಿದೆ. ಹಲಗೆಯ ಮೇಲೆ ಇನ್ನೂ ಮೀನಿನ ಪೊರೆ ಹೊಳೆಯುತ್ತಿತ್ತು, ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನಾನು ಮೂಗಿಗೆ ಸೆರಗು ಹಿಡಿದು ಹಲಗೆಯ ಅಂಚಿನಲ್ಲಿ ಕೂತೆ. ಹೋಟೆಲಿನಲ್ಲಿ ಪೊಂಗಲ್ ವಡೆಯ ರಶ್ಶು ಜೋರಾಗಿರುವ ಹೊತ್ತಿಗೆ, ಸರಿಯಾಗಿ ಬಾಗಿಲ ಮುಂದೆ ಗಾಡಿ ನಿಲ್ಲಿಸಿದೆ.

ವಡೆ ಕಚ್ಚುತ್ತಿದ್ದವರು ಕಚ್ಚಿದಲ್ಲೇ ನಿಂತರು. ಗಲ್ಲಾದಿಂದ ದೊಡ್ಡವರು ಓಡಿ ಬಂದರು.

“ಅತ್ತೆ! ಇದೆಂತದು! ವೆಜಿಟೇರಿಯನ್ ಹೋಟೆಲಿನ ಎದುರು ಮೀನಿನ ಗಾಡಿ ತಂದು ನಿಲ್ಲಿಸಿದ್ದೀರಲ್ಲ!”

“ಮಗಳ ಸಾಮಾನು ನನ್ನ ಮನೆಗೆ ಸಾಗಿಸ್ಲಿಕ್ಕೆ.”

“ಅದೆಲ್ಲ ಕೂತು ಮಾತಾಡುವ. ಮೊದಲು ಗಾಡಿ ತೆಗೆಸಿ, ಗಿರಾಕಿಗಳು ಹೋಗ್ತಾ ಇದ್ದಾರೆ!”

“ಸಾಮಾನು ತುಂಬಿದ ಕೂಡಲೇ ಹೋಗ್ತದೆ. ಎಷ್ಟು ಬೇಗ ತುಂಬಿದ್ರೆ ಅಷ್ಟು ಬೇಗ.”

ಅವರು ಒಂದು ಸಲ ಗಾಡಿ ನೋಡಿದರು, ಒಂದು ಸಲ ಖಾಲಿಯಾಗುತ್ತಿದ್ದ ಮೇಜುಗಳನ್ನು ನೋಡಿದರು. ಮತ್ತೆ ಒಳಗೆ ತಿರುಗಿ, “ಏಯ್, ಎಲ್ಲರೂ ಮೇಲೆ ಹೋಗಿ! ಕಪಾಟು ಇಳಿಸಿ, ಬೇಗ ಬೇಗ!” ಎಂದು ಕೂಗಿದರು. ಸಪ್ಲೈಯರುಗಳು, ದೋಸೆಯವನು, ಪಾತ್ರೆ ತೊಳೆಯುವವಳು, ಎಲ್ಲ ಮೆಟ್ಟಿಲು ಹತ್ತಿದರು. ಮಗಳು ಈರುಳ್ಳಿ ಚೂರಿ ಕೈಯಲ್ಲಿ ಹಿಡಿದೇ ಹೊರಗೆ ಬಂದು, “ಅಮ್ಮ, ಎಂತ ಇದು?” ಅಂತ ನಿಂತಳು. “ಚೂರಿ ಅವರದು, ಒಳಗಿಟ್ಟು ಬಾ,” ಎಂದೆ. ಕಪಾಟು ಇಳಿಯಿತು, ಹಾಸಿಗೆ ಇಳಿಯಿತು, ಕಾಲೇಜಿಗೆ ಹೋಗಿದ್ದ ಮೊಮ್ಮಗಳ ಪುಸ್ತಕದ ರಟ್ಟಿನ ಪೆಟ್ಟಿಗೆ ಇಳಿಯಿತು. ಹೊಲಿಗೆ ಮೆಷೀನನ್ನು ದೊಡ್ಡವರೇ ಹೆಗಲು ಕೊಟ್ಟು ಹೊತ್ತು ತಂದು, ಮೂಗು ಮುಚ್ಚಿಕೊಂಡು, ಗಾಡಿಯ ಮೇಲೆ ಮೆಲ್ಲಗೆ ಇಟ್ಟರು.

ಮಗಳು ಬಂದು ನನ್ನ ಪಕ್ಕ ಹತ್ತಿ ಕೂತಳು. ನಾನು ಗಾಡಿಯವನ ಬೆನ್ನು ತಟ್ಟಿ, “ಪೋಪ್ಪಾ,” ಎಂದೆ.